ಕ್ರೀಡಾ ಒಕ್ಕೂಟಗಳೂ ಸರ್ಕಾರದ ಮನ್ನಣೆಯೂ

1920ರ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆಯವರು 19ನೆಯವರಾಗಿ ಗುರಿಮುಟ್ಟಿದರು. ಆ ಯತ್ನಕ್ಕೆ ನಾಂದಿಯಾದುದು ನಮ್ಮ ಪುಣೆಯ ಡೆಕ್ಕನ್ ಜಿಮಖಾನೆಯಲ್ಲಿ, ದೊರಾಬ್ಜಿ ಟಾಟಾ ಅವರ ಆಸ್ಥೆಯಿಂದ. ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪಿತವಾದುದು 1927ರಲ್ಲಿ.

ಇಂದು ಖರಾಡಿಯ ಕನ್ನಡ ಮನೆಯೊಂದರ ಮಗು ಅದೇ ಹಾದಿ ಹಿಡಿದರೆ ಜಿಲ್ಲಾ ಸಂಘ, ರಾಜ್ಯ ಸಂಘ, ರಾಷ್ಟ್ರೀಯ ಒಕ್ಕೂಟಗಳೆಂಬ ಮೆಟ್ಟಿಲುಗಳನ್ನೇರಬೇಕು. ಒಕ್ಕೂಟವು ಸರ್ಕಾರದ ಇಲಾಖೆಯಲ್ಲ, ಸದಸ್ಯರ ಸಂಘ. ಆದರೂ ಅದಕ್ಕೆ ಎರಡು ಮನ್ನಣೆಗಳು ಬೇಕು: ವಿಶ್ವಸ್ಪರ್ಧೆಗೆ ಅಂತರರಾಷ್ಟ್ರೀಯ ಒಕ್ಕೂಟದ್ದು, ಅನುದಾನಕ್ಕೆ ಸರ್ಕಾರದ್ದು.

ಇವೆರಡೂ ಪರಸ್ಪರ ತೊಡಕಾಗುವುದುಂಟು. 2022ರ ಆಗಸ್ಟಿನಲ್ಲಿ, ನ್ಯಾಯಾಲಯ ನೇಮಿಸಿದ ಆಡಳಿತ ಸಮಿತಿಯ ನಿಮಿತ್ತ, ಹೊರಗಿನವರ ಹಸ್ತಕ್ಷೇಪವೆಂದು ಫಿಫಾ ಭಾರತದ ಫುಟ್‌ಬಾಲ್ ಒಕ್ಕೂಟವನ್ನು ಅಮಾನತಿನಲ್ಲಿಟ್ಟಿತು. ಅದೇ ತಿಂಗಳಲ್ಲಿ ಅದು ತೆರವಾಯಿತಾದರೂ, ತಾಷ್ಕೆಂಟಿಗೆ ಹೋಗಿದ್ದ ಗೋಕುಲಂ ಕೇರಳ ಮಹಿಳಾ ತಂಡ ಆಡದೆಯೇ ಮರಳಬೇಕಾಯಿತು. ತಪ್ಪು ಆಡಳಿತದ್ದು, ದಂಡ ಆಟಗಾರ್ತಿಯರಿಗೆ.

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯು ಮನ್ನಣೆಯ ಅಧಿಕಾರವನ್ನು ರಾಷ್ಟ್ರೀಯ ಕ್ರೀಡಾ ಮಂಡಲಿಗೂ, ವ್ಯಾಜ್ಯಗಳನ್ನು ನ್ಯಾಯಾಧಿಕರಣಕ್ಕೂ ವಹಿಸುತ್ತದೆ. ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರಿರಬೇಕೆಂದೂ ವಿಧಿಸುತ್ತದೆ. ಮಂಡಲಿಯ ಸದಸ್ಯರನ್ನು ನೇಮಿಸುವುದು ಕೇಂದ್ರ ಸರ್ಕಾರವೇ ಆದ್ದರಿಂದ, ಸ್ವಾಯತ್ತತೆಯ ಪ್ರಶ್ನೆ ಇಲ್ಲಿಗೆ ಮುಗಿಯಿತೆನ್ನಲಾಗದು. ಮಗುವನ್ನು ಅಂಗಳಕ್ಕೆ ಕಳುಹಿಸುವ ತಂದೆತಾಯಂದಿರು ಸಂಘದ ಮನ್ನಣೆಯನ್ನೂ ಮೊದಲೇ ವಿಚಾರಿಸುವುದೊಳ್ಳಿತು.