ಬಸ್ಸಿನಲ್ಲಿ ಅಭಿಮಾನಿಗಳ ಅಬ್ಬರ: ಏಟು ಬೀಳುವ ಮೊದಲೇ ಕಾನೂನು ಇದೆ

ಬೆಳ್ಮಣ್: ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೊರಟ ಸಂಜೆಯ ಬಸ್ಸು. ಕೆಲಸ ಮುಗಿಸಿ ಮರಳುವ ಮಹಿಳೆಯರು, ಕಾಲೇಜು ವಿದ್ಯಾರ್ಥಿಗಳು, ಕೈಚೀಲ ಹಿಡಿದ ಹಿರಿಯರು ಒಳಗಿದ್ದಾರೆ. ಫುಟ್‌ಬಾಲ್ ಪಂದ್ಯ ನೋಡಿ ಹೊರಟ ಹದಿನೈದಿಪ್ಪತ್ತು ಮಂದಿಯ ಗುಂಪೊಂದು ದಾರಿಯಲ್ಲಿ ಬಸ್ಸೇರಿತೆಂದು ಭಾವಿಸಿ. ಗೆದ್ದ ತಂಡಕ್ಕೆ ಜೈಕಾರ, ಸೋತವರಿಗೆ ಬೈಗುಳ, ಬಸ್ಸಿನ ತಗಡಿಗೆ ಬಡಿತ. ಎದುರಾಳಿ ತಂಡದ ಜೆರ್ಸಿ ತೊಟ್ಟ ಹುಡುಗನೊಬ್ಬನನ್ನು ಸುತ್ತುವರಿದು ಅದನ್ನು ಕಳಚುವಂತೆ ಒತ್ತಾಯ. ಬೆಳ್ಮಣ್‌ನಲ್ಲಿ ಇಳಿಯಬೇಕಾದ ವಿದ್ಯಾರ್ಥಿನಿಗೆ ಬಾಗಿಲಿನವರೆಗೆ ಸಾಗಲು ಗುಂಪು ದಾರಿ ಬಿಡುವುದಿಲ್ಲ. ಯಾರಿಗೂ ಪೆಟ್ಟಾಗಿಲ್ಲ. ಆದರೆ ಆಕೆ ಇಳಿಯುವುದು ಮುಂದಿನ ನಿಲ್ದಾಣದಲ್ಲಿ, ಕತ್ತಲಲ್ಲಿ, ಒಬ್ಬಳೇ.

ಇದನ್ನು 'ಹುಡುಗರ ಗಮ್ಮತ್ತು' ಎಂದು ತಳ್ಳಿಹಾಕುವವರೇ ಹೆಚ್ಚು. 'ಏನೂ ಆಗಲಿಲ್ಲವಲ್ಲ' ಎಂಬ ಸಮಾಧಾನದೊಂದಿಗೆ ವಿಷಯ ಅಲ್ಲಿಗೇ ಮುಗಿಯುತ್ತದೆ. ವಾಸ್ತವದಲ್ಲಿ ಕಾನೂನಿನ ದೃಷ್ಟಿಯಲ್ಲಿ ಆ ಹೊತ್ತಿಗಾಗಲೇ ಬಹಳಷ್ಟು ಆಗಿಹೋಗಿರುತ್ತದೆ. ಹಲ್ಲೆ ನಡೆಯುವವರೆಗೆ ಕಾಯಬೇಕಾದ ಅಗತ್ಯ ಕಂಡಕ್ಟರನಿಗೂ ಇಲ್ಲ, ಪ್ರಯಾಣಿಕರಿಗೂ ಇಲ್ಲ.

ವಾಹನವೇ ಏಕೆ?

ಮೈದಾನದಲ್ಲಿ ಪೊಲೀಸರಿರುತ್ತಾರೆ, ಸಂಘಟಕರಿರುತ್ತಾರೆ, ಎರಡೂ ಕಡೆಯ ಅಭಿಮಾನಿಗಳಿಗೆ ಪ್ರತ್ಯೇಕ ಸ್ಥಳವಿರುತ್ತದೆ. ಪಂದ್ಯ ಮುಗಿದ ಬಳಿಕ ಅದೇ ಗುಂಪು ಆಟಕ್ಕೆ ಸಂಬಂಧವೇ ಇಲ್ಲದ ಜನರ ನಡುವೆ ಬಂದು ಸೇರುತ್ತದೆ. ಬಸ್ಸಾಗಲಿ, ರೈಲಾಗಲಿ, ಚಲಿಸುವಾಗ ಮುಚ್ಚಿದ ಕೋಣೆಯಂತೆ. ಬೇಡವೆನಿಸಿದವನು ಎದ್ದು ಹೋಗುವಂತಿಲ್ಲ. ಒಬ್ಬೊಬ್ಬನೇ ಇದ್ದಾಗ ತಲೆ ತಗ್ಗಿಸಿ ಕೂರುವ ಯುವಕ ಗುಂಪಿನಲ್ಲಿದ್ದಾಗ, ತನ್ನ ಮುಖ ಯಾರಿಗೂ ನೆನಪಿರದು ಎಂಬ ಧೈರ್ಯದಲ್ಲಿ ವರ್ತಿಸುತ್ತಾನೆ.

ಇದಕ್ಕೆ ಜಗತ್ತು ಕಂಡ ನಿದರ್ಶನ ಪ್ಯಾರಿಸ್‌ನದು. 2015ರ ಫೆಬ್ರವರಿ 17ರಂದು ಅಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ ಮತ್ತು ಇಂಗ್ಲೆಂಡಿನ ಚೆಲ್ಸಿ ತಂಡಗಳ ನಡುವೆ ಚಾಂಪಿಯನ್ಸ್ ಲೀಗ್ ಪಂದ್ಯವಿತ್ತು. ಪಂದ್ಯಕ್ಕೆ ಹೊರಟಿದ್ದ ಚೆಲ್ಸಿ ಅಭಿಮಾನಿಗಳ ಗುಂಪೊಂದು ರಿಶಲ್ಯೂ-ದ್ರುಓ ಮೆಟ್ರೊ ನಿಲ್ದಾಣದಲ್ಲಿ ರೈಲು ಹತ್ತಲು ಬಂದ ಕಪ್ಪುವರ್ಣದ ಪ್ರಯಾಣಿಕನನ್ನು ಹೊರಕ್ಕೆ ತಳ್ಳಿತು. ಮತ್ತೆ ಹತ್ತಲು ಯತ್ನಿಸಿದಾಗ ಮತ್ತೆ ತಳ್ಳಿ ಜನಾಂಗೀಯ ನಿಂದನೆಯ ಘೋಷಣೆ ಕೂಗಿತು. ಆತ ಫುಟ್‌ಬಾಲ್ ನೋಡಲು ಹೊರಟವನಲ್ಲ, ಕೆಲಸ ಮುಗಿಸಿ ಮನೆಗೆ ಹೊರಟಿದ್ದವನು.

ಇಂಗ್ಲೆಂಡ್ ಕಂಡುಕೊಂಡ ದಾರಿ

ಅಭಿಮಾನಿಗಳ ಪುಂಡಾಟದಿಂದ ದಶಕಗಳ ಕಾಲ ಬಳಲಿದ ಇಂಗ್ಲೆಂಡ್ ಎರಡು ಮುಖ್ಯ ಕಾನೂನುಗಳನ್ನು ಮಾಡಿಕೊಂಡಿದೆ. 1985ರ ಕಾನೂನಿನ ಪ್ರಕಾರ ನಿಗದಿತ ಫುಟ್‌ಬಾಲ್ ಪಂದ್ಯಗಳಿಗೆ ಅಭಿಮಾನಿಗಳನ್ನು ಕರೆದೊಯ್ಯುವ ಬಸ್ಸು ಮತ್ತು ವಿಶೇಷ ರೈಲುಗಳಲ್ಲಿ ಮದ್ಯ ಒಯ್ಯುವಂತಿಲ್ಲ. ತಿಳಿದೂ ಅದಕ್ಕೆ ಅವಕಾಶ ನೀಡಿದ ವಾಹನ ನಿರ್ವಾಹಕನೂ ತಪ್ಪಿತಸ್ಥನಾಗುತ್ತಾನೆ. 1989ರ ಫುಟ್‌ಬಾಲ್ ಪ್ರೇಕ್ಷಕರ ಕಾಯಿದೆಯ ಚೌಕಟ್ಟಿನಲ್ಲಿ, ಪುಂಡಾಟ ನಡೆಸಿದವನಿಗೆ ವರ್ಷಗಟ್ಟಲೆ ಪಂದ್ಯಗಳಿಗೆ ಪ್ರವೇಶ ನಿಷೇಧಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಪ್ಯಾರಿಸ್ ಘಟನೆಯಲ್ಲಿ ಭಾಗಿಯಾದವರಲ್ಲಿ ಕೆಲವರಿಗೆ ಲಂಡನ್‌ನ ನ್ಯಾಯಾಲಯ 2015ರ ಜುಲೈಯಲ್ಲಿ 5 ವರ್ಷಗಳವರೆಗಿನ ನಿಷೇಧ ವಿಧಿಸಿತು. 2017ರ ಜನವರಿಯಲ್ಲಿ ಪ್ಯಾರಿಸ್‌ನ ನ್ಯಾಯಾಲಯ ನಾಲ್ವರನ್ನು ತಪ್ಪಿತಸ್ಥರೆಂದು ಘೋಷಿಸಿ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ ನೀಡಿತು.

ನಮ್ಮಲ್ಲಿಯ ಸ್ಥಿತಿ

ಭಾರತಕ್ಕೆ ಇಂಥ ಗುಂಪುಗಳ ಅಪಾಯ ಹೊಸದೇನಲ್ಲ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳ ಪಂದ್ಯದ ವೇಳೆ ಗಲಭೆಯೆದ್ದು 16 ಮಂದಿ ಪ್ರಾಣ ಕಳೆದುಕೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆರ್‌ಸಿಬಿ ವಿಜಯೋತ್ಸವದ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಅಂದು ಜನದಟ್ಟಣೆಯಿಂದಾಗಿ ಕಬ್ಬನ್ ಪಾರ್ಕ್ ಹಾಗೂ ವಿಧಾನಸೌಧ ಮೆಟ್ರೊ ನಿಲ್ದಾಣಗಳಲ್ಲಿ ರೈಲು ನಿಲ್ಲಿಸುವುದನ್ನೇ ಕೈಬಿಡಬೇಕಾಯಿತು. ಅದು ಪುಂಡಾಟದ ಪ್ರಕರಣವಲ್ಲ. ಆದರೆ ಪಂದ್ಯದ ಜನಸಾಗರವನ್ನು ಹೊರುವ ಭಾರ ಮೊದಲು ಬೀಳುವುದು ಸಾರಿಗೆಯ ಮೇಲೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಕರಾವಳಿಯ ಹಳ್ಳಿಗಳಲ್ಲಿ ಫುಟ್‌ಬಾಲ್‌ಗಿಂತ ಕಬಡ್ಡಿ, ವಾಲಿಬಾಲ್, ಕ್ರಿಕೆಟ್‌ನ ಹೊನಲು ಬೆಳಕಿನ ಪಂದ್ಯಾಟಗಳೇ ಹೆಚ್ಚು. ಯಾವ ಆಟವಾದರೂ ಬಸ್ಸೇರಿದ ಗುಂಪಿನ ಸಮಸ್ಯೆ ಒಂದೇ. ಕ್ರೀಡಾಭಿಮಾನಿಗಳಿಗೆಂದೇ ಇಂಗ್ಲೆಂಡಿನಂಥ ಪ್ರತ್ಯೇಕ ನಿಷೇಧ ಕಾನೂನು ನಮ್ಮಲ್ಲಿ ಇಲ್ಲ. ಹಾಗೆಂದು ಪ್ರಯಾಣಿಕ ನಿರಾಯುಧನಲ್ಲ.

ಕಂಡಕ್ಟರನಿಗಿರುವ ಅಧಿಕಾರ

ಬಸ್ಸಿನೊಳಗಿನ ಶಿಸ್ತಿನ ಮೊದಲ ಹೊಣೆ ಕಂಡಕ್ಟರನದು. ಕರ್ನಾಟಕ ಮೋಟಾರು ವಾಹನ ನಿಯಮಗಳು, 1989ರ 94ನೇ ನಿಯಮ ಬಸ್ ಪ್ರಯಾಣಿಕರ ನಡವಳಿಕೆಗೆ ಸಂಬಂಧಿಸಿದ್ದು. ಅಶಿಸ್ತಿನಿಂದ ವರ್ತಿಸುವ, ಸಹಪ್ರಯಾಣಿಕರಿಗೆ ಕಿರಿಕಿರಿ ಉಂಟುಮಾಡುವ ಪ್ರಯಾಣಿಕನಿಗೆ ಇಳಿಯುವಂತೆ ಸೂಚಿಸಲು, ಆತ ಇಳಿಯುವ ತನಕ ಬಸ್ಸನ್ನು ನಿಲ್ಲಿಸಿಡಲು ಅವಕಾಶವಿದೆ. ಟಿಕೆಟ್ ಹಣವನ್ನು ಮರಳಿಸಬೇಕಾಗಿಲ್ಲ. 2021ರ ನವೆಂಬರ್‌ನಲ್ಲಿ ಕೆಎಸ್ಸಾರ್ಟಿಸಿಯು ಬಸ್ಸಿನಲ್ಲಿ ಮೊಬೈಲ್‌ನಿಂದ ಗಟ್ಟಿಯಾಗಿ ಹಾಡು ಹಾಕುವುದನ್ನು ತಡೆಯಲು ಹೊರಡಿಸಿದ ಸುತ್ತೋಲೆಗೆ ಇದೇ ನಿಯಮ ಆಧಾರವಾಗಿತ್ತು. ಮೊಬೈಲ್ ಹಾಡಿಗೇ ಇಳಿಸಬಹುದಾದರೆ, ಬೆದರಿಕೆ ಒಡ್ಡುವ ಗುಂಪಿನ ವಿಚಾರದಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ.

ಈ ನಿಯಮ ಸರಕಾರಿ ಬಸ್ಸುಗಳಿಗಷ್ಟೇ ಸೀಮಿತವಲ್ಲ. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಉಡುಪಿ ಜಿಲ್ಲೆಯಲ್ಲಿ ಇದು ನೆನಪಿಡಬೇಕಾದ ಅಂಶ. ಬಾಗಿಲಲ್ಲಿ ನೇತಾಡುವುದು, ಬಸ್ಸಿನ ಮೇಲೇರುವುದು ಮೋಟಾರು ವಾಹನ ಕಾಯಿದೆ, 1988ರ ಕಲಂ 123ರ ಉಲ್ಲಂಘನೆ. ಹಾಗೆ ಹೋಗುವವನಷ್ಟೇ ಅಲ್ಲ, ಹೋಗಲು ಬಿಟ್ಟ ಚಾಲಕ ಮತ್ತು ಕಂಡಕ್ಟರ್ ಕೂಡ ಉತ್ತರಿಸಬೇಕಾಗುತ್ತದೆ.

ಒಂದು ವ್ಯತ್ಯಾಸ ಮಾತ್ರ ಇದೆ. ಸರಕಾರಿ ಬಸ್ಸಿನ ಕಂಡಕ್ಟರ್ ಸಾರ್ವಜನಿಕ ನೌಕರ. ಕರ್ತವ್ಯದಲ್ಲಿರುವಾಗ ಆತನ ಮೇಲೆ ಕೈಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 132ರಡಿ 2 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಖಾಸಗಿ ಬಸ್ಸಿನ ಕಂಡಕ್ಟರನಿಗೆ ಈ ವಿಶೇಷ ರಕ್ಷಣೆ ಇಲ್ಲ. ಇಪ್ಪತ್ತು ಮಂದಿಯ ಎದುರು ಆತನೂ ಒಂಟಿಯೇ. ಆದ್ದರಿಂದ ನಿರ್ಜನ ತಾಣದಲ್ಲಿ ಬಸ್ಸು ನಿಲ್ಲಿಸಿ ವಾದಕ್ಕಿಳಿಯುವುದಕ್ಕಿಂತ ಪೇಟೆಯಲ್ಲಿ, ಸಾಧ್ಯವಾದರೆ ಪೊಲೀಸ್ ಠಾಣೆಯ ಎದುರಲ್ಲೇ ನಿಲ್ಲಿಸುವುದು ಜಾಣತನ.

ಯಾವುದು ಅಪರಾಧ?

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, ಒಬ್ಬನಿಗೆ ಹೋಗಲು ಹಕ್ಕಿರುವ ದಿಕ್ಕಿನಲ್ಲಿ ಹೋಗದಂತೆ ಬೇಕೆಂದೇ ಅಡ್ಡಗಟ್ಟುವುದು ಅಕ್ರಮ ತಡೆ (ಕಲಂ 126). ಮೇಲೆ ಹೇಳಿದ ವಿದ್ಯಾರ್ಥಿನಿಗೆ ಬಾಗಿಲಿಗೆ ದಾರಿ ಬಿಡದಿರುವುದು ಇದೇ ಸ್ವರೂಪದ್ದು. ಆಕೆಯ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು, ಸಂಜ್ಞೆಗಳಿಗೆ ಕಲಂ 79ರಡಿ 3 ವರ್ಷಗಳವರೆಗೆ ಶಿಕ್ಷೆಯಿದೆ. ಜೆರ್ಸಿ ಕಳಚದಿದ್ದರೆ ನೋಡಿಕೊಳ್ಳುತ್ತೇವೆ ಎಂದು ಹುಡುಗನಿಗೆ ಭಯ ಹುಟ್ಟಿಸುವುದು ಕಲಂ 351ರ ಬೆದರಿಕೆ. ಅಮಲಿನಲ್ಲಿ ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರುಕುಳ ಕೊಡುವುದಕ್ಕೆ ಕಲಂ 355 ಅನ್ವಯವಾಗುತ್ತದೆ.

ಗುಂಪಿನ ವಿಚಾರದಲ್ಲಿ ಕಾನೂನು ಇನ್ನೂ ಕಠಿಣ. ಐದು ಅಥವಾ ಹೆಚ್ಚು ಮಂದಿ ಅಪರಾಧದ ಸಮಾನ ಉದ್ದೇಶದಿಂದ ಸೇರಿದರೆ ಅದು ಅಕ್ರಮ ಕೂಟ (ಕಲಂ 189). ಆ ಉದ್ದೇಶಕ್ಕಾಗಿ ಒಬ್ಬ ಎಸಗಿದ ಕೃತ್ಯಕ್ಕೆ ಕೂಟದ ಎಲ್ಲರೂ ಹೊಣೆ (ಕಲಂ 190). 'ನಾನು ಮುಟ್ಟಲಿಲ್ಲ, ಜೊತೆಗಿದ್ದೆ ಅಷ್ಟೆ' ಎಂಬ ಸಮಜಾಯಿಷಿ ಅಲ್ಲಿ ನಡೆಯದು. ನೌಕರಿಗೂ ಪಾಸ್‌ಪೋರ್ಟ್‌ಗೂ ಓಡಾಡುವ ವಯಸ್ಸಿನ ಯುವಕರು ಇದನ್ನು ಮೊದಲೇ ಅರಿತಿರುವುದು ಒಳಿತು.

ಯಾವ ಠಾಣೆಗೆ ದೂರು?

ಪಡುಬಿದ್ರಿ–ಕಾರ್ಕಳ ಮಾರ್ಗದ ಬಸ್ಸು ಕಾಪು ತಾಲೂಕಿನಲ್ಲಿ ಹೊರಟು ಕಾರ್ಕಳ ತಾಲೂಕಿನಲ್ಲಿ ಪಯಣ ಮುಗಿಸುತ್ತದೆ. ದಾರಿಯಲ್ಲಿ ಠಾಣೆಗಳ ವ್ಯಾಪ್ತಿ ಬದಲಾಗುತ್ತದೆ. 'ಇದು ನಮ್ಮ ಸರಹದ್ದಲ್ಲ' ಎಂಬ ಉತ್ತರಕ್ಕೆ ಹೆದರಿ ಹಿಂಜರಿಯಬೇಕಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ, ತನಿಖೆಗೆ ಅರ್ಹವಾದ ಅಪರಾಧದ ಮಾಹಿತಿಯನ್ನು ಕೃತ್ಯ ಎಲ್ಲಿಯೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ನೀಡಬಹುದು. ಇದನ್ನೇ ಶೂನ್ಯ ಎಫ್‌ಐಆರ್ ಎನ್ನುತ್ತಾರೆ. ವಿದ್ಯುನ್ಮಾನ ಮಾಧ್ಯಮದ ಮೂಲಕ ಕಳುಹಿಸಿದರೆ 3 ದಿನಗಳೊಳಗೆ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ. ಪಯಣದ ನಡುವೆ ನಡೆದ ಅಪರಾಧವನ್ನು ಆ ಪಯಣ ಹಾದುಹೋದ ಯಾವುದೇ ವ್ಯಾಪ್ತಿಯ ನ್ಯಾಯಾಲಯ ವಿಚಾರಣೆ ಮಾಡಬಹುದೆಂದು ಕಲಂ 203 ಹೇಳುತ್ತದೆ. ಬರಿಯ ಬೈಗುಳ, ಸಾಮಾನ್ಯ ಬೆದರಿಕೆಯಂಥ ಕೆಲವು ಅಪರಾಧಗಳ ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕಾಗುತ್ತದೆ. ಹೀಗಾಗಿ ಅಡ್ಡಗಟ್ಟಿದ್ದು, ತಳ್ಳಿದ್ದು, ಮಹಿಳೆಯರನ್ನು ಅವಮಾನಿಸಿದ್ದು ಇದ್ದರೆ ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಕೊಂಕಣ ರೈಲಿನಲ್ಲಿ ಪಡುಬಿದ್ರಿ, ಉಡುಪಿಗಳಿಂದ ಸಂಚರಿಸುವವರಿಗೆ 139 ಸಹಾಯವಾಣಿ ಇದೆ. ರೈಲ್ವೆ ಕಾಯಿದೆ, 1989ರ ಕಲಂ 145ರಡಿ ಅಮಲಿನಲ್ಲಿ ದಾಂಧಲೆ ಮಾಡುವವರನ್ನು ರೈಲಿನಿಂದ ಇಳಿಸಬಹುದು. ಸರಪಳಿ ಎಳೆಯುವುದು ಅಪರಾಧವಾಗುವುದು ಸಕಾರಣವಿಲ್ಲದೆ ಎಳೆದಾಗ ಮಾತ್ರ.

ಆ ಕ್ಷಣದಲ್ಲಿ ಮಾಡಬೇಕಾದ್ದು

ಗುಂಪಿನೊಡನೆ ವಾದಕ್ಕಿಳಿಯುವುದು, ಆಟದ ಬಗ್ಗೆ ಮಾತು ಬೆಳೆಸುವುದು ಬೇಡ. ಸಾಧ್ಯವಾದರೆ ಕಂಡಕ್ಟರ್ ಅಥವಾ ಚಾಲಕನ ಸಮೀಪಕ್ಕೆ ಸರಿಯಬೇಕು. 112ಕ್ಕೆ ಕರೆ ಮಾಡಿ ಬಸ್ಸಿನ ಹೆಸರು, ಹೊರಟ ದಿಕ್ಕು, ದಾಟಿದ ಹಾಗೂ ಮುಂದಿನ ನಿಲ್ದಾಣ ತಿಳಿಸಬೇಕು. ನೋಂದಣಿ ಸಂಖ್ಯೆ ಗೊತ್ತಿಲ್ಲದಿದ್ದರೆ ಟಿಕೆಟ್ ಕಾದಿರಿಸಿಕೊಳ್ಳಬೇಕು. ಗುರಿಯಾದ ವ್ಯಕ್ತಿಯ ಪಕ್ಕ ಇನ್ನಿಬ್ಬರು ಎದ್ದು ನಿಂತರೂ ಗುಂಪಿನ ಉತ್ಸಾಹ ಇಳಿಯುವುದುಂಟು. ಕಂಡಕ್ಟರ್ ಸುಮ್ಮನಿದ್ದರೆ ಪರ್ಮಿಟ್ ನೀಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಪ್ರತ್ಯೇಕ ದೂರು ಸಲ್ಲಿಸಬಹುದು.

ಪ್ಯಾರಿಸ್ ಪ್ರಕರಣ ಹೊರಬಂದದ್ದು ನಿಲ್ದಾಣದಲ್ಲಿದ್ದ ಒಬ್ಬ ವ್ಯಕ್ತಿ ತನ್ನ ಮೊಬೈಲ್‌ನಲ್ಲಿ ದೃಶ್ಯ ಸೆರೆಹಿಡಿದ ಕಾರಣದಿಂದ. ತಳ್ಳಿಸಿಕೊಂಡಾತ ಅಂದು ಮನೆಗೆ ಹೋಗಿ ಹೆಂಡತಿ ಮಕ್ಕಳಿಗೂ ವಿಷಯ ತಿಳಿಸಿರಲಿಲ್ಲ. ವಿಡಿಯೊ ಜಗತ್ತಿಗೆಲ್ಲ ಹರಡಿದ ಬಳಿಕವಷ್ಟೇ ದೂರು ಕೊಟ್ಟ. ಅದೊಂದು ಮೊಬೈಲ್ ಅಲ್ಲಿರದಿದ್ದರೆ, ಆ ಸಂಜೆಯೂ 'ಏನೂ ಆಗದ' ಸಂಜೆಗಳ ಸಾಲಿಗೇ ಸೇರಿಹೋಗುತ್ತಿತ್ತು. ಬೆಳ್ಮಣ್ ದಾಟಿದ ಮೇಲೆ ಕತ್ತಲಲ್ಲಿ ಇಳಿದ ವಿದ್ಯಾರ್ಥಿನಿ ಮನೆಯಲ್ಲಿ ಏನೂ ಹೇಳದಿರಬಹುದು. ಆದರೆ ಬಸ್ಸಿನಲ್ಲಿ ಉಳಿದವರೆಲ್ಲ ನೋಡಿದ್ದಾರೆ. ದೂರು ಕೊಡಲು, ಸಾಕ್ಷಿ ಹೇಳಲು ಅವರಿಗೂ ಅಷ್ಟೇ ಹಕ್ಕಿದೆ.