ದಪ್ಪ, ಓರೆ, ದುಂಡು: ಬೋರ್ಡಿನ ಕನ್ನಡ

ಕಾಫಿ ನಾಡಿನ ಕಳಸದಿಂದ ಅನ್ನಪೂರ್ಣೇಶ್ವರಿ ದೇವಸ್ಥಾನವಿರುವ ಹೊರನಾಡಿಗೆ ಸುಮಾರು 8 ಕಿಲೋಮೀಟರ್. ಮಳೆಗಾಲದಲ್ಲಿ ಈ ದಾರಿಗೆ ಮಂಜು ಕವಿದರೆ ಮೊದಲು ಬಸ್ಸಿನ ದೀಪ ಕಾಣುತ್ತದೆ, ಬೋರ್ಡು ಆಮೇಲೆ. ಅದನ್ನು ಓದಿ ಕೈ ಅಡ್ಡ ಹಿಡಿಯಲು ಸಿಗುವುದು ಕೆಲವೇ ಕ್ಷಣ. ದೂರದಿಂದ, ಒಂದೇ ನೋಟಕ್ಕೆ ಓದಿಸಿಕೊಳ್ಳಬೇಕಾದ ಇಂಥ ಅಕ್ಷರಗಳನ್ನು ಪ್ರದರ್ಶನಾಕ್ಷರ ಎನ್ನಬಹುದು. ಬಸ್ಸಿನ ಬೋರ್ಡು, ಜಾತ್ರೆಯ ಬ್ಯಾನರು, ಕಾಫಿಪುಡಿಯ ಪೊಟ್ಟಣ, ಪುಸ್ತಕದ ಮುಖಪುಟ ಈ ಅಕ್ಷರಗಳ ನೆಲೆ. ಇಂಥ ಅಕ್ಷರಗಳಲ್ಲಿ ದಪ್ಪಗಿದ್ದು, ಬಲಕ್ಕೆ ವಾಲಿ, ತುದಿಗಳು ದುಂಡಗಿರುವ ಬಗೆಯೊಂದಿದೆ.

ದುಂಡುತನ ಕನ್ನಡ ಲಿಪಿಗೆ ಸಹಜವಾದದ್ದು, ಅದಕ್ಕೆ ಹೆಣಗಬೇಕಿಲ್ಲ. ಕಷ್ಟ ಇರುವುದು ದಪ್ಪದಲ್ಲಿ. ಗೆರೆ ದಪ್ಪವಾದಷ್ಟೂ ಅಕ್ಷರದ ಒಳಗಿನ ಬಯಲು ಕಿರಿದಾಗುತ್ತದೆ. ಉದಾಹರಣೆಗೆ, ಹೊರನಾಡಿನ ಯಾತ್ರಿಕರು ಹುಡುಕುವ ಇನ್ನೊಂದು ಬೋರ್ಡು ‘ಧರ್ಮಸ್ಥಳ’. ಅಲ್ಲಿ ಧಕಾರದ ಹೊಟ್ಟೆಯ ಸೀಳು ಬಣ್ಣದಲ್ಲಿ ಮುಚ್ಚಿಹೋದರೆ ಉಳಿಯುವುದು ದಕಾರ. ಪ-ಫ, ಡ-ಢ ಜೋಡಿಗಳಿಗೂ ಇದೇ ಅಪಾಯ. ಆದ್ದರಿಂದ ಒಳ್ಳೆಯ ವಿನ್ಯಾಸಕರು ಎಲ್ಲ ಗೆರೆಗಳನ್ನೂ ಒಂದೇ ಸಮ ಉಬ್ಬಿಸುವುದಿಲ್ಲ. ಹೊರಗಿನ ಬಾಗಿಗೆ ತೂಕ ಕೊಟ್ಟು, ಒಳಗಿನ ಸುರುಳಿಯನ್ನೂ ಒತ್ತಕ್ಷರವನ್ನೂ ಸ್ವಲ್ಪ ತೆಳುವಾಗಿಸಿ, ಸೀಳನ್ನು ಬೇಕೆಂದೇ ಅಗಲಿಸುತ್ತಾರೆ.

ಓರೆಯ ಕಥೆ ಬೇರೆ. 1501ರಲ್ಲಿ ವೆನಿಸ್‌ನ ಆಲ್ಡಸ್ ಮನೂಷಿಯಸ್ ಓರೆ ಅಚ್ಚಿನಲ್ಲಿ ಪುಸ್ತಕ ತಂದಾಗ ಅದಕ್ಕೆ ಮಾದರಿಯಾದದ್ದು ಅಲ್ಲಿನ ವಿದ್ವಾಂಸರ ಓಡುಬರಹ. ಕನ್ನಡದ ಅಚ್ಚಿನಲ್ಲಿ ಆ ರೂಢಿ ಬೆಳೆಯಲಿಲ್ಲ. ಒತ್ತು ಕೊಡಲು ನಮಗೆ ದಪ್ಪಕ್ಷರವೋ ಉದ್ಧರಣ ಚಿಹ್ನೆಯೋ ಸಾಕಾಗುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಯಾವ ಅಕ್ಷರವಾದರೂ ವಾಲುತ್ತದೆ. ‘ಅನ್ನಪೂರ್ಣೇಶ್ವರಿ’ ಎಂದು ಬರೆದು ಹಾಗೆ ವಾಲಿಸಿ ನೋಡಿ. ಮೇಲಿನ ತಲೆಕಟ್ಟು ಬಲಕ್ಕೆ ಸರಿಯುತ್ತದೆ. ಕೆಳಗಿನ ನಕಾರ, ವಕಾರದ ಒತ್ತುಗಳು ಎಡಕ್ಕೆ ಜಾರಿ ತಮ್ಮ ಜಾಗ ತಪ್ಪುತ್ತವೆ. ದುಂಡು ಬಾಗುಗಳು ಒಂದು ಕಡೆ ಊದಿ ಇನ್ನೊಂದು ಕಡೆ ಸೊರಗುತ್ತವೆ. ಕುಂಚ ಹಿಡಿದು ಬೋರ್ಡು ಬರೆಯುವವರು ಈ ತಪ್ಪು ಮಾಡುವುದಿಲ್ಲ. ಅವರು ಅಕ್ಷರವನ್ನು ಓರೆಯಾಗಿಯೇ ಕಲ್ಪಿಸಿಕೊಂಡು, ಒತ್ತನ್ನು ಅದರ ಜಾಗದಲ್ಲೇ ಕೂರಿಸುತ್ತಾರೆ. ಫಾಂಟ್ ಮಾಡುವವರು ಕಲಿಯಬೇಕಾದದ್ದು ಇವರಿಂದ.

ದಪ್ಪ, ದುಂಡು ಎರಡಕ್ಕೂ ಇಂದು ಚೆನ್ನಾದ ಉದಾಹರಣೆ ಎಕ್ ಟೈಪ್ ಸಂಸ್ಥೆಯ ‘ಬಲೂ ತಮ್ಮ’ ಫಾಂಟ್. ಅದನ್ನು ಮುಕ್ತ ಪರವಾನಗಿಯಲ್ಲಿ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಆದರೆ ಅದರಲ್ಲಿ ಓರೆ ರೂಪವಿಲ್ಲ. ಇದೇ ಕಾಫಿ ನಾಡಿನ ಮೂಡಿಗೆರೆಯಲ್ಲಿ ಬಾಳಿದ ಸಾಹಿತಿ ಪೂರ್ಣಚಂದ್ರ ತೇಜಸ್ವಿ (1938–2007) ಕನ್ನಡ ತಂತ್ರಾಂಶಕ್ಕಾಗಿ ಪಟ್ಟುಹಿಡಿದು ದುಡಿದರು. ಅಕ್ಷರ ವಿನ್ಯಾಸಕ್ಕೂ ಅಂಥ ಹಟ ಬೇಕು.

ಬೋರ್ಡು, ಫ್ಲೆಕ್ಸ್ ಮಾಡಿಸುವವರು ಇಷ್ಟು ಗಮನಿಸಿ: ಇಂಥ ಪ್ರದರ್ಶನಾಕ್ಷರ ಎರಡು ಮೂರು ಪದಗಳಿಗಷ್ಟೇ ಇರಲಿ, ವಿಳಾಸ, ಪೂಜೆಯ ವೇಳೆ ಸಾದಾ ಅಕ್ಷರದಲ್ಲಿರಲಿ. ಓರೆ ಬೇಕೇ ಬೇಕೆಂದರೆ ಬೋರ್ಡು ಬರೆಯುವವರ ಕೈಯಲ್ಲಿ ಬರೆಸಿ.