ನಪಾಸಾದವರ ನಾಳೆ

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬೀಳುವ ದಿನ ನಮ್ಮ ಊರುಗಳಲ್ಲಿ ಒಂದು ಬಗೆಯ ಹಬ್ಬ. ಹಬ್ಬವೆಂದೆನಾದರೂ ಅದು ಎಲ್ಲ ಮನೆಗಳ ಹಬ್ಬವಲ್ಲ. ಒಂದು ಮನೆಯಲ್ಲಿ ಸಿಹಿ ಹಂಚುತ್ತಿರುವಾಗ ಪಕ್ಕದ ಮನೆಯ ಬಾಗಿಲು ಹಾಡುಹಗಲಿನಲ್ಲೇ ಮುಚ್ಚಿರುತ್ತದೆ. ಮರುದಿನದ ಪತ್ರಿಕೆಯಲ್ಲಿ ಮೊದಲ ಸ್ಥಾನ ಪಡೆದವರ ಭಾವಚಿತ್ರ ಬರುತ್ತದೆ; ಅವರು ವೈದ್ಯರಾಗಬಯಸುವರೋ ಎಂಜಿನಿಯರಾಗಬಯಸುವರೋ ಎಂಬ ಸಂಗತಿಯೂ ಅಚ್ಚಾಗುತ್ತದೆ. ಮುಚ್ಚಿದ ಬಾಗಿಲಿನ ಹಿಂದೆ ಕುಳಿತ ಮಗುವನ್ನು ‘ಮುಂದೇನು ಮಾಡಬೇಕೆಂದಿದ್ದೀಯೆ?’ ಎಂದು ಕೇಳಲು ಯಾರೂ ಹೋಗುವುದಿಲ್ಲ. ಯಾರಾದರೂ ಕೇಳಿದರೂ ಆ ಮಾತಿನಲ್ಲಿ ಪ್ರಶ್ನೆಗಿಂತ ಛೀಮಾರಿಯ ಧ್ವನಿಯೇ ಹೆಚ್ಚಾಗಿರುತ್ತದೆ.

ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವ ನನಗೆ ಈ ವಿಷಯವನ್ನು ಕುರಿತು ಬರೆಯಲು ಏನು ಅಧಿಕಾರವಿದೆಯೆಂದು ಓದುಗರು ಕೇಳಬಹುದು. ನನ್ನ ಬಳಿಗೆ ಬರುವವರೆಲ್ಲ ಪಾಸಾದವರೇ. ಅಧಿಕಾರ ನನಗಿಲ್ಲ, ಆದರೆ ತೀರಿಸಬೇಕಾದ ಒಂದು ಋಣವಿದೆ.

ನಮ್ಮ ಬೀದಿಯಲ್ಲಿ ಒಬ್ಬ ಹುಡುಗನಿದ್ದ. ಗಣಿತದಲ್ಲಿಯೂ ಇಂಗ್ಲಿಷಿನಲ್ಲಿಯೂ ನಪಾಸಾದ. ತಂದೆ ಅವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದು, ‘ಮೇಷ್ಟ್ರೇ, ಇವನಿಗೊಂದು ದಾರಿ ಹೇಳಿ’ ಎಂದರು. ನಾನು ಹೆಚ್ಚು ಯೋಚಿಸಲಿಲ್ಲ. ‘ಇನ್ನೊಂದು ಸಲ ಪರೀಕ್ಷೆಗೆ ಕಟ್ಟಿಸಿ, ಮನೆಪಾಠಕ್ಕೆ ಹಾಕಿ’ ಎಂದೆ. ನಾವು ಮಾತನಾಡುತ್ತಿರುವಾಗ ತಲೆಯ ಮೇಲಿನ ಫ್ಯಾನು ಎಂದಿನಂತೆ ಕಟಕಟ ಸದ್ದು ಮಾಡುತ್ತಿತ್ತು. ಅಲ್ಲಿಯವರೆಗೆ ನೆಲ ನೋಡುತ್ತ ನಿಂತಿದ್ದ ಹುಡುಗ ಒಮ್ಮೆ ತಲೆಯೆತ್ತಿ, ‘ಬೇರಿಂಗ್ ಸವೆದಿದೆ ಸಾರ್’ ಎಂದ. ತಂದೆ ಗದರಿಸಿದರು, ನಾನು ನಕ್ಕು ಸುಮ್ಮನಾದೆ. ತನ್ನ ದಾರಿ ಯಾವುದೆಂದು ಆ ಹುಡುಗ ಆಗಲೇ ಹೇಳಿಬಿಟ್ಟಿದ್ದ. ಎದುರಿಗಿದ್ದ ಇಬ್ಬರು ಹಿರಿಯರಿಗೆ ಅದು ಕೇಳಿಸಲಿಲ್ಲ.

ಅವನು ನನ್ನ ಮಾತಿನಂತೆ ಮತ್ತೆ ಮತ್ತೆ ಕಟ್ಟಿದ, ಮತ್ತೆ ಮತ್ತೆ ನಪಾಸಾದ. ಎರಡು ವರ್ಷ ಕಳೆಯುವಷ್ಟರಲ್ಲಿ ಬೀದಿಯ ಕೊನೆಯ ಸೈಕಲ್ ಅಂಗಡಿಯ ಕಟ್ಟೆಯೇ ಅವನ ಮನೆಯಾಯಿತು. ನನ್ನನ್ನು ಕಂಡರೆ ಎದ್ದು ಒಳಗೆ ಹೋಗುತ್ತಿದ್ದ. ವಿದ್ಯಾರ್ಥಿ ಮೇಷ್ಟರಿಗೆ ಹೆದರಿ ಮರೆಯಾಗುವುದು ಬೇರೆ. ತನ್ನ ಬದುಕಿಗೇ ನಾಚಿ ಮರೆಯಾಗುವುದು ಬೇರೆ. ಅವನದು ಎರಡನೆಯದೆಂದು ನನಗೆ ತಿಳಿಯುವುದಕ್ಕೆ ಬಹಳ ಕಾಲ ಹಿಡಿಯಿತು.

ಇಂಥ ಮಕ್ಕಳಿಗೆ ಧೈರ್ಯ ಹೇಳುವಾಗ ನಾವೆಲ್ಲ ದೊಡ್ಡವರ ಉದಾಹರಣೆ ಕೊಡುವುದು ವಾಡಿಕೆ. ಡಿ.ವಿ.ಜಿ.ಯವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಿಲ್ಲ. ಆದರೂ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಿ.ಲಿಟ್. ನೀಡಿತು. ಡಾ. ರಾಜ್‌ಕುಮಾರ್ ಪ್ರಾಥಮಿಕ ಶಾಲೆಯಲ್ಲಿಯೇ ಓದು ಬಿಟ್ಟವರು. 1976ರಲ್ಲಿ ಅದೇ ವಿಶ್ವವಿದ್ಯಾನಿಲಯದಿಂದ ಗೌರವ ಡಾಕ್ಟರೇಟ್ ಪಡೆದರು. ಈ ಮಾತುಗಳು ನಿಜ. ಆದರೆ ನಾವು ಅವುಗಳ ಅರ್ಧವನ್ನು ಮಾತ್ರ ಹೇಳುತ್ತೇವೆ. ಶಾಲೆಯನ್ನು ಬಿಟ್ಟ ಬಾಲಕ ಮುತ್ತುರಾಜನ ಪಾಲಿಗೆ ತಂದೆಯವರು ಪಾತ್ರ ಮಾಡುತ್ತಿದ್ದ ನಾಟಕ ಕಂಪನಿಯಿತ್ತು. ಅಲ್ಲಿ ಹಾಡು ಹೇಳಿಕೊಡುವವರಿದ್ದರು, ಮಾತು ತಿದ್ದುವವರಿದ್ದರು, ಎರಡು ಹೊತ್ತು ಊಟವೂ ಒಂದು ಶಿಸ್ತೂ ಇದ್ದವು. ಡಿ.ವಿ.ಜಿ.ಯವರ ಪಾಲಿಗೆ ಪತ್ರಿಕಾಲಯವಿತ್ತು. ಬರೆಯಬಲ್ಲವನನ್ನು ಪ್ರಮಾಣಪತ್ರ ಕೇಳದೆ ಒಳಗೆ ಬಿಟ್ಟುಕೊಳ್ಳುತ್ತಿದ್ದ ಕಾಲವದು. ಇಬ್ಬರೂ ಶಾಲೆಯನ್ನು ಬಿಟ್ಟರೇ ಹೊರತು ಕಲಿಯುವ ಸ್ಥಳವನ್ನು ಬಿಡಲಿಲ್ಲ. ಇಂದಿನ ಹುಡುಗನಿಗೆ ಅವರ ಹೆಸರು ಹೇಳಿ ಕಳುಹಿಸಿದರೆ ಸಾಲದು. ಅವನ ನಾಟಕ ಕಂಪನಿ ಎಲ್ಲಿದೆಯೆಂಬುದನ್ನೂ ತೋರಿಸಬೇಕು.

ತೋರಿಸುವುದಕ್ಕೆ ಮೊದಲು ನಮ್ಮ ಮನಸ್ಸಿನಲ್ಲಿರುವ ಒಂದು ತೊಡಕನ್ನು ಒಪ್ಪಿಕೊಳ್ಳಬೇಕು. ತರಗತಿಯಲ್ಲಿ ನಾನು ಪ್ರತಿ ವರ್ಷವೂ ವಚನ ಸಾಹಿತ್ಯವನ್ನು ಪಾಠ ಮಾಡುತ್ತೇನೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಕದಿರ ರೆಮ್ಮವ್ವೆ - ಹನ್ನೆರಡನೆಯ ಶತಮಾನದ ಈ ಶರಣರು ತಮ್ಮ ಕಸುಬನ್ನು ತಮ್ಮ ಹೆಸರಿನ ಮುಂದೆ ಬಿರುದಿನಂತೆ ಇಟ್ಟುಕೊಂಡರು. ಕಾಯಕದ ಮಹಿಮೆಯನ್ನು ನಾನು ಗಂಟೆಗಟ್ಟಲೆ ವಿವರಿಸಬಲ್ಲೆ. ಆದರೆ ನನ್ನ ಮಗನೋ ನನ್ನ ನೆರೆಯವರ ಮಗನೋ ವೆಲ್ಡರನಾಗುತ್ತೇನೆಂದರೆ ನನ್ನ ಮುಖದಲ್ಲಿ ಏನು ಕಾಣಿಸುತ್ತದೆ? ಕೈಗೆಲಸವನ್ನು ಓದಲಾರದವನಿಗೆ ವಿಧಿಸುವ ಶಿಕ್ಷೆಯೆಂದು ನಾವು ತಿಳಿದಿರುವವರೆಗೆ ಅದನ್ನು ಆರಿಸಿಕೊಳ್ಳುವ ಮಗು ಸೋತ ಭಾವದಿಂದಲೇ ಅದರೊಳಗೆ ಕಾಲಿಡುತ್ತದೆ. ಸೋತೆನೆಂದುಕೊಂಡು ಕಲಿತ ವಿದ್ಯೆ ಯಾವುದೂ ಕೈಹಿಡಿಯುವುದಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ಭ್ರಮೆಯಿರಲಿಲ್ಲ. ದಿವಾನಗಿರಿಯನ್ನು ಬಿಟ್ಟು ಕಾಲು ಶತಮಾನ ಕಳೆದ ಮೇಲೆ, ಎಂಬತ್ತು ದಾಟಿದ ವಯಸ್ಸಿನಲ್ಲಿ, 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅವರ ಶ್ರಮದಿಂದ ಸ್ಥಾಪಿತವಾಯಿತು. ಪದವೀಧರರಾಗದ ತರುಣರಿಗೂ ಉದ್ಯೋಗವಿದ್ಯೆ ದೊರೆಯಬೇಕೆಂಬುದು ಅದರ ಹಿಂದಿನ ವಿಚಾರ. ಕೃಷ್ಣರಾಜ ವೃತ್ತದ ಬಳಿಯ ಎಸ್.ಜೆ. ಪಾಲಿಟೆಕ್ನಿಕ್ ಎಂದರೆ ಇಂದಿನವರಿಗೆ ತಿಳಿದೀತು. 1950ರಲ್ಲಿ ದೇಶದಾದ್ಯಂತ ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭವಾಯಿತು. ಇಂದು ಹೋಬಳಿಯ ಊರುಗಳಲ್ಲಿಯೂ ಕಾಣುವ ಐ.ಟಿ.ಐ.ಗಳು ಅದರ ಫಲ.

ಈ ಐ.ಟಿ.ಐ.ಗಳ ವಿಷಯದಲ್ಲಿ ನಮ್ಮ ತಂದೆತಾಯಿಯರಿಗೆ ತಿಳಿಯದ ಕೆಲವು ಸಂಗತಿಗಳಿವೆ. ಹದಿನಾಲ್ಕು ವರ್ಷ ತುಂಬಿದವರು ಅಲ್ಲಿ ಸೇರಬಹುದು. ಫಿಟ್ಟರ್, ಎಲೆಕ್ಟ್ರಿಷಿಯನ್ ಮೊದಲಾದವಕ್ಕೆ ಹತ್ತನೆಯ ತರಗತಿ ಪಾಸಾಗಿರಬೇಕು. ವೆಲ್ಡರ್, ವೈರ್‌ಮನ್, ಮರಗೆಲಸ, ಪ್ಲಂಬರ್ ಮುಂತಾದ ಕೆಲವು ಕಸುಬುಗಳಿಗೆ ಎಂಟನೆಯ ತರಗತಿ ಸಾಕು. ವೆಲ್ಡರ್ ತರಬೇತಿ ಒಂದು ವರ್ಷದ್ದು. ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳದು ಎರಡು ವರ್ಷದ್ದು. ಅದು ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆಗಳಲ್ಲಿ ಭತ್ಯೆ ಪಡೆಯುತ್ತ ಕೆಲಸ ಕಲಿಯಬಹುದು. ಎಚ್.ಎ.ಎಲ್., ಬಿ.ಇ.ಎಲ್. ಮುಂತಾದ ದೊಡ್ಡ ಕಾರ್ಖಾನೆಗಳಲ್ಲಿ ಅಪ್ರೆಂಟಿಸರಾಗಿ ಕಲಿತವರು ಸಾವಿರಾರು ಮಂದಿ. 2022ರಲ್ಲಿ ನಮ್ಮ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಹೊಸ ಯಂತ್ರೋಪಕರಣಗಳೊಡನೆ ಮೇಲ್ದರ್ಜೆಗೆ ಏರಿಸಲಾಯಿತು.

ಇಲ್ಲಿಗೆ ಸೇರಿದರೆ ಮುಂದಿನ ಓದು ಮುಗಿಯಿತೆಂಬ ಭಯವೂ ಅನವಶ್ಯಕ. ಹತ್ತನೆಯ ತರಗತಿಯ ನಂತರ ಎರಡು ವರ್ಷದ ಐ.ಟಿ.ಐ. ಮುಗಿಸಿದವನು ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೆ ನೇರವಾಗಿ ಹೋಗಬಹುದು. ಡಿಪ್ಲೊಮಾ ಮುಗಿಸಿದವನು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ಸೇರಬಹುದು. ಹತ್ತನೆಯ ತರಗತಿಯಲ್ಲಿ ಎಡವಿದವನಿಗೆ ಶಾಲಾ ಮಂಡಳಿಯ ಮರುಪರೀಕ್ಷೆಯಿದೆ. ಇಡೀ ವರ್ಷ ಕಾಯಬೇಕಾಗಿಲ್ಲ. ಅದೂ ಕೈಗೂಡದಿದ್ದರೆ 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯಿದೆ. ಅಲ್ಲಿ ವಿದ್ಯಾರ್ಥಿ ತನ್ನ ವಿಷಯಗಳನ್ನು ತಾನೇ ಆರಿಸಿಕೊಳ್ಳಬಹುದು. ಒಂದೊಂದೇ ವಿಷಯವನ್ನು ಪಾಸು ಮಾಡಿಕೊಳ್ಳುತ್ತ ಐದು ವರ್ಷಗಳಲ್ಲಿ ಮುಗಿಸಿದರೂ ಸರಿ. ಆದರೆ ಒಂದು ಎಚ್ಚರಿಕೆ: ಗಣಿತ ಕಷ್ಟವೆಂದು ಅದನ್ನು ಬಿಟ್ಟುಬಿಟ್ಟರೆ ಮುಂದೆ ಯಂತ್ರಶಾಸ್ತ್ರದ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ.

ಯಂತ್ರಗಳಲ್ಲಿ ಮನಸ್ಸಿಲ್ಲದವರಿಗೆ ಬೇರೆ ದಾರಿಗಳಿವೆ. ಕಾರ್ಕಳದ ಬಳಿಯ ಮಿಯ್ಯಾರಿನಲ್ಲಿ ಕಲ್ಲು, ಮರ, ಲೋಹಗಳ ಶಿಲ್ಪವನ್ನು ತರುಣರಿಗೆ ಕಲಿಸುವ ಸಂಸ್ಥೆಯೊಂದಿದೆ. ಹದಿನೆಂಟು ತುಂಬಿದವರಿಗೆ ರುಡ್‌ಸೆಟ್ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಆಶ್ರಯದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಕಾರದಿಂದ ಹುಟ್ಟಿದ ಈ ಯೋಜನೆ ಊಟ ವಸತಿಗಳನ್ನು ಉಚಿತವಾಗಿ ಕೊಟ್ಟು ಸ್ವಂತ ಉದ್ಯೋಗದ ತರಬೇತಿ ನೀಡಿತು. ಮುಂದೆ ಇಡೀ ದೇಶದ ಗ್ರಾಮೀಣ ತರಬೇತಿ ಕೇಂದ್ರಗಳಿಗೆ ಅದೇ ಮಾದರಿಯಾಯಿತು. ಅಲ್ಲಿ ಯಾರೂ ಅಂಕಪಟ್ಟಿಯ ಮೊತ್ತವನ್ನು ನೋಡಿ ಮುಖ ತಿರುಗಿಸುವುದಿಲ್ಲ.

ದಾರಿಗಳು ಇಷ್ಟಿರುವಾಗ ಮಕ್ಕಳು ದಾರಿ ತಪ್ಪುವುದೇಕೆ? ನನ್ನ ಅನುಭವದಲ್ಲಿ ಅದಕ್ಕೆ ಕಾರಣ ಹದಿನಾಲ್ಕರಿಂದ ಹದಿನೆಂಟರವರೆಗಿನ ನಾಲ್ಕು ವರ್ಷಗಳು. ಕಡ್ಡಾಯ ಶಿಕ್ಷಣದ 2009ರ ಕಾಯಿದೆ ಹದಿನಾಲ್ಕರವರೆಗೆ ಮಗುವಿನ ಕೈಹಿಡಿದಿರುತ್ತದೆ. ಹದಿನೆಂಟರ ಮೇಲೆ ತರಬೇತಿಗಳು, ಸಾಲಗಳು, ನೌಕರಿಗಳು ಬಾಗಿಲು ತೆರೆಯುತ್ತವೆ. ನಡುವಿನ ವಯಸ್ಸಿನವನನ್ನು ಅಪಾಯದ ಕೆಲಸಕ್ಕೆ ಹಚ್ಚುವುದನ್ನು 2016ರ ತಿದ್ದುಪಡಿ ನಿಷೇಧಿಸಿದೆ, ಅದು ನ್ಯಾಯವೇ. ಆದರೆ ನಿಷೇಧವೊಂದೇ ಅವನಿಗೆ ಹಗಲು ಕಳೆಯುವ ಜಾಗವನ್ನು ಕೊಡಲಾರದು. ಶಾಲೆಗೂ ಕಾರ್ಖಾನೆಗೂ ಬೇಡವಾದ ಹುಡುಗ ಗಾರೆಯ ಬಾಂಡಲಿ ಹೊರುತ್ತಾನೆ, ಹೋಟೆಲಿನ ಮೇಜು ಒರೆಸುತ್ತಾನೆ. ಮೊದಲ ತಿಂಗಳು ಕೈಗೆ ಬಂದ ಕಾಸು ಅವನಿಗೆ ದೊಡ್ಡದಾಗಿ ಕಾಣುತ್ತದೆ. ಹತ್ತು ವರ್ಷಗಳ ಮೇಲೂ ಅವನು ಅದೇ ಬಾಂಡಲಿಯನ್ನೇ ಹೊರುತ್ತಿರುತ್ತಾನೆ. ಕಸುಬು ಕಲಿತವನಿಗೂ ಕೂಲಿಗೆ ಹೋದವನಿಗೂ ಮೊದಲ ವರ್ಷ ವ್ಯತ್ಯಾಸವೇ ಕಾಣಿಸದು. ಹತ್ತನೆಯ ವರ್ಷಕ್ಕೆ ಅದು ಅಜಗಜಾಂತರ.

ಹೆಣ್ಣುಮಕ್ಕಳ ಪಾಡು ಇನ್ನೂ ಕಠಿನ. ಹುಡುಗ ನಪಾಸಾದರೆ ‘ಏನು ಮಾಡುತ್ತಾನೆ?’ ಎಂದಾದರೂ ಕೇಳುತ್ತಾರೆ. ಹುಡುಗಿ ನಪಾಸಾದರೆ ‘ಗಂಡು ನೋಡಿದಿರಾ?’ ಎನ್ನುತ್ತಾರೆ. ಹದಿನೆಂಟರೊಳಗಿನ ಮದುವೆಯನ್ನು 2006ರ ಕಾಯಿದೆ ಅಪರಾಧವೆಂದಿದೆ. ಆದರೂ ಅಂಕಪಟ್ಟಿಯ ಕೆಂಪು ಗೆರೆಯೊಂದು ಎಷ್ಟೋ ಮನೆಗಳಲ್ಲಿ ಲಗ್ನಪತ್ರಿಕೆಯಾಗುತ್ತದೆ. ಮಹಿಳೆಯರಿಗಾಗಿಯೇ ಇರುವ ಐ.ಟಿ.ಐ.ಗಳಿವೆ, ಹೊಲಿಗೆಯೊಂದೇ ಅಲ್ಲ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಮೊದಲಾದವನ್ನೂ ಹೆಣ್ಣುಮಕ್ಕಳು ಕಲಿಯುತ್ತಿದ್ದಾರೆ. ಆ ಬಾಗಿಲಿನವರೆಗೆ ಅವಳನ್ನು ಕರೆದೊಯ್ಯುವವರು ಬೇಕು.

ಕರೆದೊಯ್ಯುವವರು ಬೇಕು ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು. ಮೇಲೆ ಹೇಳಿದ ದಾರಿಗಳಲ್ಲಿ ಯಾವುದೂ ಗುಟ್ಟಿನದಲ್ಲ. ಆದರೆ ಸೋತ ಮಗು ಯಾವ ಕಚೇರಿಯ ಮೆಟ್ಟಿಲನ್ನೂ ತಾನಾಗಿ ಹತ್ತುವುದಿಲ್ಲ. ಆ ದಿನಗಳಲ್ಲಿ ಅದನ್ನು ಒಂಟಿಯಾಗಿ ಬಿಡುವುದು ಪ್ರಾಣಾಪಾಯದ ಮಾತೂ ಹೌದೆಂಬುದನ್ನು ಪ್ರತಿ ವರ್ಷದ ಫಲಿತಾಂಶದ ಸುದ್ದಿಗಳ ಪಕ್ಕದಲ್ಲಿಯೇ ಬರುವ ದುಃಖದ ಸುದ್ದಿಗಳು ನೆನಪಿಸುತ್ತವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಯನ್ನು ಪ್ರತಿ ಶಾಲೆಯೂ ಗೋಡೆಯ ಮೇಲೆ ಬರೆಯಿಸಬೇಕು. ಅದಕ್ಕೂ ಮಿಗಿಲಾಗಿ, ವರ್ಗಾವಣೆ ಪತ್ರಕ್ಕೆ ಸಹಿ ಹಾಕಿ ಕೈಗಿಡುವ ಉಪಾಧ್ಯಾಯರು ‘ನಾಳೆ ಎಲ್ಲಿಗೆ ಹೋಗುತ್ತೀಯಪ್ಪಾ? ಬಾ, ನಾನೂ ಬರುತ್ತೇನೆ’ ಎನ್ನಬೇಕು. ಇಷ್ಟಕ್ಕೆ ಯಾವ ಸರ್ಕಾರಿ ಆದೇಶವೂ ಬೇಡ.

ನಮ್ಮ ಬೀದಿಯ ಹುಡುಗನಿಗೆ ಹಾಗೆ ಹೇಳಿದವನು ನಾನಲ್ಲ. ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಹಿರಿಯರೊಬ್ಬರು ಸೈಕಲ್ ಅಂಗಡಿಯ ಕಟ್ಟೆಯಿಂದ ಅವನನ್ನು ಎಬ್ಬಿಸಿಕೊಂಡು ಐ.ಟಿ.ಐ.ಗೆ ಹೋದರು. ಎಂಟನೆಯ ತರಗತಿಯ ಆಧಾರದ ಮೇಲೆ ವೈರ್‌ಮನ್ ವಿಭಾಗದಲ್ಲಿ ಸೇರಿಸಿದರು. ಅಲ್ಲಿಯೂ ಅವನಿಗೆ ಸುಲಭವಾಗಲಿಲ್ಲ. ಕೈಗೆಲಸಕ್ಕೆ ಲೆಕ್ಕ ಬೇಡವೆಂಬುದು ದೊಡ್ಡ ಸುಳ್ಳು. ನಕಾಶೆ ಓದಲು ಬಾರದವನು, ತಂತಿಯ ಗಾತ್ರವನ್ನು ಲೆಕ್ಕಹಾಕಲಾರದವನು ಮನೆಗೆ ಬೆಂಕಿಯಿಟ್ಟಾನು. ಆದರೆ ಕಾಗದದ ಮೇಲೆ ಜಾರಿಹೋಗುತ್ತಿದ್ದ ಅದೇ ಭಾಗಾಕಾರ, ವಿದ್ಯುತ್ತಿನ ಒತ್ತಡವನ್ನು ತಂತಿಯ ತಡೆಯಿಂದ ಭಾಗಿಸಬೇಕಾಗಿ ಬಂದಾಗ ಅವನಿಗೆ ಅರ್ಥವಾಯಿತಂತೆ. ಕಸುಬು ಕೈಗೆ ಬಂದ ಮೇಲೆ ಅವನು ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯನ್ನೂ ಮುಗಿಸಿದ. ಈಗ ಪರ್ಮಿಟ್ ಪಡೆದು ವೈರಿಂಗ್ ಕೆಲಸ ಮಾಡಿಸುತ್ತಾನೆ. ಶ್ರೀಮಂತನೇನೂ ಆಗಿಲ್ಲ, ಆದರೆ ನನ್ನನ್ನು ಕಂಡರೆ ಎದ್ದು ಒಳಗೆ ಹೋಗುವುದಿಲ್ಲ.

ಕಳೆದ ಬೇಸಗೆಯಲ್ಲಿ ಅವನು ನಮ್ಮ ಮನೆಗೆ ಬಂದ. ಜೊತೆಯಲ್ಲಿ ಹದಿನೈದರ ಒಬ್ಬ ಹುಡುಗನಿದ್ದ. ನೆಲ ನೋಡುತ್ತ ನಿಂತಿದ್ದ. ‘ಒಂಬತ್ತನೇ ಕ್ಲಾಸಿಗೆ ಬಿಟ್ಟಿದ್ದಾನೆ ಸಾರ್. ನಾಳೆ ಐ.ಟಿ.ಐ.ಗೆ ಕರಕೊಂಡು ಹೋಗ್ತಿದ್ದೀನಿ. ಓದೋದು ತಡವರಿಸ್ತಾನೆ, ಸಂಜೆ ಹೊತ್ತು ನೀವು ಸ್ವಲ್ಪ ಕನ್ನಡ ಹೇಳಿಕೊಡಬೇಕು’ ಎಂದ.

ನಾನು ಆ ಹುಡುಗನನ್ನು ಕೂರಿಸಿಕೊಂಡೆ. ಅಂಕಗಳ ವಿಷಯ ಎತ್ತಲಿಲ್ಲ. ‘ನಿನಗೆ ಏನು ಮಾಡೋದು ಇಷ್ಟ?’ ಎಂದು ಕೇಳಿ, ಅವನು ಉತ್ತರ ಹೇಳುವವರೆಗೆ ಕಾದೆ. ತಲೆಯ ಮೇಲೆ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು.